ರಾಜ್ಯಗಳ ನಡುವಣ ಒಪ್ಪಂದಗಳು ಮತ್ತು ಸಂವಿಧಾನ: ಕಾವೇರಿಯ ನಿದರ್ಶನ

ಭಾರತ ಸಂವಿಧಾನವು ರಾಜ್ಯಗಳ ನಡುವಣ ವ್ಯಾಪಾರ, ವಾಣಿಜ್ಯಗಳಿಗೆ ತನ್ನ 13ನೆಯ ಭಾಗವನ್ನು ಮೀಸಲಿಟ್ಟಿದೆ. 301ನೆಯ ಅನುಚ್ಛೇದವು ದೇಶದಾದ್ಯಂತ ಅವು ಮುಕ್ತವೆಂದು ಸಾರುತ್ತದೆ. ಮುಂದಿನ ಅನುಚ್ಛೇದಗಳು ನಿರ್ಬಂಧಗಳ ಮೇರೆಯನ್ನು ಗೊತ್ತುಪಡಿಸುತ್ತವೆ. ಆದರೆ ರಾಜ್ಯಗಳು ತಮ್ಮತಮ್ಮಲ್ಲಿ ಮಾಡಿಕೊಳ್ಳುವ ಒಪ್ಪಂದಗಳಿಗೆ ಇಂತಹ ಪ್ರತ್ಯೇಕ ಭಾಗವಿಲ್ಲ. ಅಮೆರಿಕದ ಸಂವಿಧಾನವು ಇವುಗಳಿಗೆ ಕಾಂಗ್ರೆಸ್ಸಿನ ಸಮ್ಮತಿ ಅಗತ್ಯವೆಂದು 1ನೆಯ ವಿಧಿಯಲ್ಲಿಯೇ ಹೇಳಿದೆ. ಸಂವಿಧಾನಪೂರ್ವದ ಒಪ್ಪಂದಗಳ ಸಿಂಧುತ್ವ ಹಾಗೂ ಅವಧಿಯ ಪ್ರಶ್ನೆ ಭಾರತದಲ್ಲಿ ತೀವ್ರವಾಗಿ ಎದುರಾದದ್ದು ಕಾವೇರಿ ವಿವಾದದಲ್ಲಿ.

1892ರ ಒಪ್ಪಂದದಂತೆ ಮೈಸೂರು ಸಂಸ್ಥಾನವು ಗೊತ್ತಾದ ನದಿಗಳ ಮೇಲೆ ಹೊಸ ಜಲಾಶಯ ಕಟ್ಟಲು ಮದರಾಸು ಸರ್ಕಾರದ ಪೂರ್ವಸಮ್ಮತಿ ಪಡೆಯಬೇಕಾಗಿತ್ತು. ಕನ್ನಂಬಾಡಿ ಅಣೆಕಟ್ಟೆಯ ವಿಷಯದಲ್ಲಿ ಉಂಟಾದ ಭಿನ್ನಾಭಿಪ್ರಾಯವು 1924ರ ಒಪ್ಪಂದದಲ್ಲಿ ಕೊನೆಗೊಂಡಿತು. ಅದು ಕೃಷ್ಣರಾಜಸಾಗರಕ್ಕೆ ಹಾಗೂ ಮೆಟ್ಟೂರಿಗೆ ಅವಕಾಶವಿತ್ತು, 50 ವರ್ಷಗಳ ಬಳಿಕ ಕೆಲವು ಅಂಶಗಳ ಪುನರ್ವಿಮರ್ಶೆಗೂ ಎಡೆಮಾಡಿತು. ಒಂದು ಪಕ್ಷ ಬ್ರಿಟಿಷ್ ಪ್ರಾಂತ್ಯ, ಮತ್ತೊಂದು ಬ್ರಿಟಿಷರ ಸಾರ್ವಭೌಮತ್ವಕ್ಕೆ ಒಳಪಟ್ಟ ಸಂಸ್ಥಾನ. ಇಂತಹ ಸಮ್ಮತಿ ಎಷ್ಟರಮಟ್ಟಿಗೆ ಸ್ವತಂತ್ರವೆಂಬುದೇ ಕರ್ನಾಟಕದ ವಾದದ ತಿರುಳಾಯಿತು.

ಸಂವಿಧಾನ ಜಾರಿಗೆ ಬಂದಮೇಲೆ ಪಕ್ಷಗಳ ಸ್ವರೂಪವೇ ಬದಲಾಯಿತು. 1956ರ ಪುನರ್ವಿಂಗಡಣೆಯಲ್ಲಿ ಕೊಡಗು ಮೈಸೂರು ರಾಜ್ಯವನ್ನು ಸೇರಿತು. ಕೇರಳವು ಹೊಸ ರಾಜ್ಯವಾಗಿ ಕಣಿವೆಯ ಪಾಲುದಾರನಾಯಿತು. ಸಂವಿಧಾನದ 262ನೆಯ ಅನುಚ್ಛೇದವು ಅಂತರರಾಜ್ಯ ನದಿವಿವಾದಗಳ ತೀರ್ಮಾನಕ್ಕೆ ಕಾನೂನು ಮಾಡುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದ್ದು, 1956ರ ಅಂತರರಾಜ್ಯ ನದಿ ಜಲವಿವಾದಗಳ ಅಧಿನಿಯಮವು ಅದರಂತೆ ರಚಿತವಾಯಿತು. ಕಾವೇರಿ ನ್ಯಾಯಾಧಿಕರಣವು 1990ರಲ್ಲಿ ಸ್ಥಾಪನೆಗೊಂಡು 2007ರ ಫೆಬ್ರವರಿ 5ರಂದು ಅಂತಿಮ ತೀರ್ಪಿತ್ತಿತು.

ದೇಶೀಯ ಅರಸರು ಮಾಡಿಕೊಂಡ ಒಪ್ಪಂದಗಳಿಂದ ಹುಟ್ಟುವ ವಿವಾದಗಳನ್ನು 363ನೆಯ ಅನುಚ್ಛೇದವು ನ್ಯಾಯಾಲಯಗಳ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಕಾವೇರಿ ಒಪ್ಪಂದಗಳು ರಾಜಕೀಯ ಸ್ವರೂಪದವಲ್ಲವಾದ್ದರಿಂದ ಆ ನಿರ್ಬಂಧ ಅವಕ್ಕೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿ 16ರಂದು ತೀರ್ಮಾನಿಸಿತು. ಬಲವಂತದ ವಾದವನ್ನೂ ಅದು ಒಪ್ಪಲಿಲ್ಲ. ಆದರೆ 1924ರ ಒಪ್ಪಂದವು 50 ವರ್ಷಗಳ ಬಳಿಕ, 1974ರಲ್ಲಿ, ಮುಗಿದಿತ್ತೆಂದು ಹೇಳಿ ನ್ಯಾಯೋಚಿತ ಹಂಚಿಕೆಯ ತತ್ತ್ವವನ್ನು ಆಧಾರವಾಗಿಸಿಕೊಂಡಿತು. ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಬಿಡಬೇಕಾದ ನೀರು 192 ಟಿಎಂಸಿ ಅಡಿಯಿಂದ 177.25ಕ್ಕೆ ಇಳಿದು, ಕರ್ನಾಟಕದ ಪಾಲು 14.75ರಷ್ಟು ಹೆಚ್ಚಿತು. ಇದರಲ್ಲಿ 4.75 ಟಿಎಂಸಿ ಅಡಿ ಬೆಂಗಳೂರಿನ ಕುಡಿಯುವ ನೀರು ಮತ್ತು ಗೃಹಬಳಕೆಗೆಂದು ನಿಗದಿಯಾಯಿತು.

ಹೀಗೆ ಕರ್ನಾಟಕಕ್ಕೆ ದೊರೆತ ಪರಿಹಾರವು ಒಪ್ಪಂದಗಳ ಅಸಿಂಧುತ್ವದಿಂದ ಬಂದದ್ದಲ್ಲ, ಅವುಗಳ ಅವಧಿ ತೀರಿದುದರಿಂದ ಬಂದದ್ದು. ಒಪ್ಪಂದಕ್ಕೆ ಸಮ್ಮತಿಯಿತ್ತವರ ಸಮಾನತೆಯ ಪ್ರಶ್ನೆಗಿಂತ ಅದರಲ್ಲಿ ಅಡಗಿದ್ದ ಕಾಲಮಿತಿಯೇ ನಿರ್ಣಾಯಕವಾಯಿತು. ರಾಜ್ಯಗಳ ಒಪ್ಪಂದಗಳಿಗೆ ಪ್ರತ್ಯೇಕ ನಿಯಮಗಳಿಲ್ಲದ ವ್ಯವಸ್ಥೆಯಲ್ಲಿ ಪುನರ್ವಿಮರ್ಶೆಯ ಷರತ್ತಿಗಿರುವ ಮಹತ್ವವನ್ನು ಈ ಇತಿಹಾಸವು ಸ್ಪಷ್ಟಪಡಿಸುತ್ತದೆ.