ರ‍್ಯಾಮ್ ಜಾಸ್ತಿ ಕೊಟ್ಟರೆ ಸರ್ವರ್ ವೇಗವಾಗುತ್ತದೆ ಎನ್ನುವುದು ನಿಜವೇ?

“ಸರ್ವರ್ ನಿಧಾನವಾಗಿದೆಯಾ? ರ‍್ಯಾಮ್ ಜಾಸ್ತಿ ಕೊಡಿ, ಸರಿಹೋಗುತ್ತೆ.” ಐಟಿ ಕೆಲಸದವರ ವಾಟ್ಸ್‌ಆ್ಯಪ್ ಗುಂಪಿನಲ್ಲಿದ್ದರೆ ಈ ಸಲಹೆಯನ್ನು ನೀವು ನೋಡಿರುತ್ತೀರಿ. ಇದು ಅರ್ಧ ಸತ್ಯ ಮಾತ್ರ. ಕೆಲವೊಮ್ಮೆ ರ‍್ಯಾಮ್ ಹೆಚ್ಚಿಸಿದ ಮೇಲೆಯೇ ಕೆಲಸ ನಿಧಾನವಾಗುತ್ತದೆ.

ನಿಮ್ಮ ಫೋನಿನಲ್ಲಿ ಇರುವುದು ಒಂದೇ ಚಿಪ್, ಅದರ ಎಲ್ಲ ಕೋರ್‌ಗಳಿಗೂ ಒಂದೇ ಮೆಮೊರಿ. ದೊಡ್ಡ ಸರ್ವರ್‌ಗಳಲ್ಲಿ ಹಾಗಲ್ಲ. ಎರಡು ಪ್ರೊಸೆಸರ್ ಇದ್ದರೆ ಒಟ್ಟು ರ‍್ಯಾಮ್‌ನ ಒಂದು ಭಾಗ ಒಂದಕ್ಕೆ, ಇನ್ನೊಂದು ಭಾಗ ಮತ್ತೊಂದಕ್ಕೆ ನೇರವಾಗಿ ಜೋಡಣೆಯಾಗಿರುತ್ತದೆ. 2003ರಲ್ಲಿ ಎಎಂಡಿಯ ಆಪ್ಟೆರಾನ್, 2009ರಲ್ಲಿ ಇಂಟೆಲ್‌ನ ಝಿಯಾನ್ 5500 ಸರಣಿ ಈ ದಾರಿ ಹಿಡಿದವು. ಈ ವ್ಯವಸ್ಥೆಯ ಹೆಸರು ನ್ಯೂಮಾ. ಒಂದೊಂದು ಪ್ರೊಸೆಸರ್ ಮತ್ತು ಅದರ ಮೆಮೊರಿ ಸೇರಿ ಒಂದು ನೋಡ್.

ಮದುವೆ ಮನೆಯಲ್ಲಿ ಇಬ್ಬರು ಅಡುಗೆ ಭಟ್ಟರು, ಇಬ್ಬರ ಪಕ್ಕದಲ್ಲೂ ಒಂದೊಂದು ಉಗ್ರಾಣ ಎಂದುಕೊಳ್ಳಿ. ತನ್ನ ಉಗ್ರಾಣದ ಬೇಳೆ ಕೈಗೆ ಸಿಗುತ್ತದೆ, ಆಚೆಯ ಉಗ್ರಾಣದ್ದು ಬೇಕಾದರೆ ಅಂಗಳ ದಾಟಬೇಕು. ಲಿನಕ್ಸ್‌ನಲ್ಲಿ ನೋಡ್‌ಗಳ ದೂರ ಕೇಳಿದರೆ ತನ್ನದಕ್ಕೆ 10, ಆಚೆಯದಕ್ಕೆ ಹಲವು ಯಂತ್ರಗಳಲ್ಲಿ 21 ಎಂದು ತೋರಿಸುತ್ತದೆ. (ಇದು ಫರ್ಮ್‌ವೇರ್ ಹೇಳುವ ಹೋಲಿಕೆಯ ಅಂಕಿ, ಗಡಿಯಾರ ಹಿಡಿದು ಅಳೆದದ್ದಲ್ಲ.)

ಈಗ ಒಂದು ಲೆಕ್ಕ. ನೋಡ್‌ಗೆ 16 ಕೋರ್, 128 ಜಿಬಿ. ಎರಡು ನೋಡ್ ಸೇರಿ 256 ಜಿಬಿ. ಇದರ ಮೇಲೆ 8 ಕೋರ್, 120 ಜಿಬಿಯ ವರ್ಚುವಲ್ ಮಷಿನ್ ಒಂದೇ ನೋಡ್‌ನಲ್ಲಿ ಆರಾಮವಾಗಿ ಕೂರುತ್ತದೆ. ಯಾರೋ ಒಳ್ಳೆಯ ಮನಸ್ಸಿನಿಂದ ಅದನ್ನು 160 ಜಿಬಿಗೆ ಏರಿಸುತ್ತಾರೆ. ಕನಿಷ್ಠ 32 ಜಿಬಿ ಆಚೆಯ ನೋಡ್‌ಗೆ ಹೋಗಲೇಬೇಕು. ಒಳಗಿನ ಡೇಟಾಬೇಸ್‌ಗೆ ಆ 40 ಜಿಬಿ ನಿಜವಾಗಿ ಬೇಕಿರಲಿಲ್ಲ ಎಂದಾದರೆ ಸಿಕ್ಕಿದ್ದು ಅಂಗಳ ದಾಟುವ ಕೆಲಸ ಮಾತ್ರ.

ಇದಕ್ಕೆ ಪರಿಹಾರವೆಂದರೆ ವರ್ಚುವಲ್ ನ್ಯೂಮಾ, ಅಂದರೆ ಯಾವ ಮೆಮೊರಿ ಹತ್ತಿರ, ಯಾವುದು ದೂರ ಎಂಬ ನಕ್ಷೆಯನ್ನು ಒಳಗಿನ ಆಪರೇಟಿಂಗ್ ಸಿಸ್ಟಮ್‌ಗೂ ತೋರಿಸುವುದು. ವಿಎಂವೇರ್ ಇದನ್ನು 2011ರ ವಿಸ್ಪಿಯರ್ 5ರಲ್ಲಿ ತಂದಿತು. ಎಡವುವುದು ಇಲ್ಲೇ. ಮೊದಲಿನಿಂದ ಇರುವ ಸೆಟ್ಟಿಂಗ್‌ನಲ್ಲಿ, ಮಷಿನ್‌ಗೆ 8ಕ್ಕಿಂತ ಹೆಚ್ಚು ವರ್ಚುವಲ್ ಕೋರ್ ಇದ್ದರೆ ಮಾತ್ರ ನಕ್ಷೆ ಸಿಗುತ್ತದೆ. 6.5ರಿಂದ ಈಚೆಗೆ ಅದು ಕೋರ್‌ಗಳನ್ನು ಎಣಿಸುತ್ತದೆಯೇ ಹೊರತು ಮೆಮೊರಿ ಹಿಡಿಸುತ್ತದೆಯೇ ಎಂದು ನೋಡುವುದಿಲ್ಲ. ಹಾಗಾಗಿ ನಮ್ಮ 160 ಜಿಬಿ ಮಷಿನ್‌ಗೆ ಎಲ್ಲವೂ ಒಂದೇ ಉಗ್ರಾಣದಂತೆ ಕಾಣುತ್ತದೆ. ಒಂದು ವರ್ಚುವಲ್ ನೋಡ್‌ಗೆ ಎಷ್ಟು ಕೋರ್ ಎಂಬುದನ್ನು ಕೈಯಾರೆ ಬರೆದುಕೊಡಬೇಕು, ಇಲ್ಲವೇ 120ಕ್ಕೇ ಇಳಿಸಬೇಕು. ನನ್ನ ಮತ ಎರಡನೆಯದಕ್ಕೆ.

ಕೆವಿಎಂನಲ್ಲಿ ಕೋರ್ ಮತ್ತು ಮೆಮೊರಿಯನ್ನು ಒಂದು ನೋಡ್‌ಗೆ ಕಟ್ಟಿಹಾಕಬಹುದು. ಹೈಪರ್-ವಿಯಲ್ಲಿ ಡೈನಾಮಿಕ್ ಮೆಮೊರಿ ಆನ್ ಮಾಡಿದರೆ ವರ್ಚುವಲ್ ನ್ಯೂಮಾ ಸಿಗುವುದಿಲ್ಲ.

ರ‍್ಯಾಮ್ ಪಟ್ಟಿಗಳನ್ನು ಸಿಕ್ಕಸಿಕ್ಕಲ್ಲಿ ತುಂಬಿದರೆ ಇನ್ನೊಂದು ಫಜೀತಿ. ಒಂದು ಕಡೆ 192, ಇನ್ನೊಂದು ಕಡೆ 64 ಇದ್ದರೂ ಒಟ್ಟು 256 ಜಿಬಿಯೇ. ಸ್ಕ್ರೀನ್‌ಶಾಟ್‌ನಲ್ಲಿ ಕಾಣುವುದು ಆ ಒಟ್ಟು ಮಾತ್ರ. ಎರಡನೆಯ ನೋಡ್‌ನಲ್ಲಿ 16 ಕೋರ್ ಖಾಲಿ ಕೂತಿದ್ದರೂ 100 ಜಿಬಿಯ ಮಷಿನ್ ಅಲ್ಲಿ ಪೂರ್ತಿ ಹಿಡಿಸುವುದಿಲ್ಲ.