ಬಣ್ಣದ ಗುಳಿಗೆ, ಬಾಗಿಲಲ್ಲೇ ನಿಂತ ಇನ್ಸ್‌ಪೆಕ್ಟರು

ಕಳೆದ ಯುಗಾದಿಗೆ ಊರಿಗೆ ಹೋಗಿದ್ದಾಗ ನಮ್ಮ ಬಳಗದ ಒಬ್ಬಳಿಗೆ ಅವಳ ಅತ್ತಿಗೆ ಒಂದು ಪೇಪರ್ ಕವರ್ ತೋರಿಸಿದರು. ಒಳಗೆ ಮೂರು ಬಣ್ಣದ ಗುಳಿಗೆಗಳು. ಹೆಸರಿಲ್ಲ, ಕಂಪನಿ ಇಲ್ಲ, ಎಕ್ಸ್‌ಪೈರಿ ಡೇಟೂ ಇಲ್ಲ. ತಾಲ್ಲೂಕು ಕೇಂದ್ರದಲ್ಲಿ ಹೊಸದಾಗಿ ಶುರುವಾದ ತೂಕ ಇಳಿಸುವ ಸೆಂಟರ್‌ನವರು ಕೊಟ್ಟಿದ್ದಂತೆ. ತಿಂಗಳಿಗೆ ನಾಲ್ಕು ಕೆ.ಜಿ. ಇಳಿದದ್ದು ನಿಜ. ರಾತ್ರಿ ನಿದ್ದೆ ಹತ್ತುವುದಿಲ್ಲ, ಸುಮ್ಮನೆ ಕೂತರೂ ಎದೆ ಡವಡವ ಎನ್ನುತ್ತದೆ ಎನ್ನುವುದೂ ನಿಜ. "ಇಂಥವನ್ನೆಲ್ಲ ಯಾರೂ ಚೆಕ್ ಮಾಡಲ್ವೇನೇ? ನೀವು ಪೇಪರ್‌ನೋರಲ್ವಾ?" ಎಂದು ಕೇಳಿದರು.

ಆ ಪ್ರಶ್ನೆ ಹಿಡಿದು ಹೊರಟ ನಾವು ಓದುತ್ತಾ ಓದುತ್ತಾ ತಲುಪಿದ್ದು ಅಮೆರಿಕಕ್ಕೆ. ತೂಕ ಇಳಿಸುವ ವ್ಯಾಪಾರ ಹೆಮ್ಮರವಾಗಿ ಬೆಳೆದದ್ದು ಅಲ್ಲಿ. ಅದನ್ನು ತಪಾಸಣೆ ಮಾಡಲು ಹೋದ ಸರ್ಕಾರ ಮತ್ತೆ ಮತ್ತೆ ಎಡವಿದ್ದಕ್ಕೆ ದಾಖಲೆ ಸಿಗುವುದೂ ಅಲ್ಲೇ.

1906ರಲ್ಲಿ ಆ ದೇಶ ಆಹಾರ ಮತ್ತು ಔಷಧಗಳ ಶುದ್ಧತೆಗೆಂದು ಒಂದು ಕಾಯ್ದೆ ಮಾಡಿತು. ರೋಗ ಗುಣಪಡಿಸಲು, ತಗ್ಗಿಸಲು ಅಥವಾ ತಡೆಯಲು ಕೊಡುವ ವಸ್ತುವೇ ಔಷಧ ಎಂದು ಅದರಲ್ಲಿ ಬರೆದರು. ಓದುವಾಗ ಸರಿಯಾಗಿಯೇ ಇದೆ. ಆದರೆ ದಪ್ಪಗಿರುವುದನ್ನು ಆಗ ರೋಗವೆಂದು ಪರಿಗಣಿಸುತ್ತಿರಲಿಲ್ಲ. ರೋಗವಲ್ಲದ ಮೇಲೆ ಅದಕ್ಕೆ ಕೊಡುವ ಗುಳಿಗೆ ಔಷಧವೂ ಅಲ್ಲ, ಔಷಧವಲ್ಲದ ಮೇಲೆ ಇನ್ಸ್‌ಪೆಕ್ಟರಿಗೆ ಅಲ್ಲಿ ಕೆಲಸವೂ ಇಲ್ಲ! ಈ ಒಂದು ಸಾಲಿನ ಸಂದಿಯಲ್ಲಿ ಮೂರು ದಶಕ ವ್ಯಾಪಾರ ನಡೆಯಿತು.

ಆ ಕಾಲದ ದೊಡ್ಡ ಹೆಸರು ಮಾರ್ಮೋಲಾ. ಪ್ರಾಣಿಗಳ ಥೈರಾಯ್ಡ್ ಗ್ರಂಥಿಯನ್ನು ಒಣಗಿಸಿ ಪುಡಿ ಮಾಡಿ ಬೆರೆಸಿದ ಗುಳಿಗೆ ಅದು. ಅಪಾಯವಿಲ್ಲದ ವೈಜ್ಞಾನಿಕ ಉಪಾಯ ಎಂದು ಜಾಹೀರಾತು ಕೊಡುತ್ತಿದ್ದರು. ವ್ಯಾಪಾರದ ಮೋಸಗಳನ್ನು ನೋಡಿಕೊಳ್ಳುವ ಫೆಡರಲ್ ಟ್ರೇಡ್ ಕಮಿಷನ್ ಇದನ್ನು ನಿಲ್ಲಿಸಿ ಎಂದು ಆದೇಶಿಸಿದಾಗ ರಲಡಾಂ ಎಂಬ ಆ ಕಂಪನಿ ಕೋರ್ಟಿಗೆ ಹೋಯಿತು. 1931ರಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು. ಜಾಹೀರಾತು ಜನರನ್ನು ದಾರಿ ತಪ್ಪಿಸುತ್ತದೆ ಎಂಬುದನ್ನು ಕೋರ್ಟ್ ಅಲ್ಲಗಳೆಯಲಿಲ್ಲ. ಆದರೆ ಅದರಿಂದ ಪ್ರತಿಸ್ಪರ್ಧಿ ವ್ಯಾಪಾರಿಗಳಿಗೆ ನಷ್ಟವಾಗಿದೆ ಎಂದು ಕಮಿಷನ್ ತೋರಿಸಿಲ್ಲ, ಹಾಗಾಗಿ ಅದಕ್ಕೆ ಅಧಿಕಾರವಿಲ್ಲ ಎಂದಿತು. ನುಂಗಿದವರ ಗತಿ ಏನು ಎನ್ನುವುದು ಆ ಕಾನೂನಿನ ಪ್ರಶ್ನೆಯೇ ಆಗಿರಲಿಲ್ಲ.

ಇದಾದ ಎರಡೇ ವರ್ಷಕ್ಕೆ ಡೈನೈಟ್ರೋಫಿನಾಲ್ ಬಂತು. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ಬಳಸುತ್ತಿದ್ದ ರಾಸಾಯನಿಕ ಇದು. ಅಲ್ಲಿನ ಕೆಲಸಗಾರರು ಸೊರಗುತ್ತಿದ್ದದ್ದನ್ನು ಆಗಲೇ ಕಂಡಿದ್ದರು. 1933ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇದು ತೂಕ ಇಳಿಸುತ್ತದೆ ಎಂದು ಪ್ರಕಟಿಸಿದರು. ವರ್ಷದೊಳಗೆ ಸುಮಾರು ಒಂದು ಲಕ್ಷ ಜನ ಬಳಸಿರಬಹುದೆಂದು ಅವರಲ್ಲೇ ಒಬ್ಬರಾದ ಮಾರಿಸ್ ಟೇಂಟರ್ ಅಂದಾಜು ಮಾಡಿದರು. ಮೈ ಒಳಗಿಂದಲೇ ಬಿಸಿಯಾಗಿ ಕೆಲವರು ಸತ್ತರು. ಇನ್ನೂ ವಯಸ್ಸಾಗದ ಹೆಂಗಸರ ಕಣ್ಣಿಗೆ ಪೊರೆ ಬಂತು. ಎಫ್‌ಡಿಎ ಅಧಿಕಾರಿಗಳಿಗೆ ಎಲ್ಲ ಗೊತ್ತಿತ್ತು, ಮುಟ್ಟುಗೋಲು ಹಾಕಲು ಕಾನೂನಿರಲಿಲ್ಲ. ಮಾಡಲು ಸಾಧ್ಯವಿದ್ದದ್ದೆಂದರೆ ಇಂಥ ಸರಕುಗಳನ್ನೆಲ್ಲ ಜೋಡಿಸಿ ಒಂದು ಪ್ರದರ್ಶನ ಏರ್ಪಡಿಸುವುದು. ಅದನ್ನೇ ಮಾಡಿದರು. ಪತ್ರಿಕೆಯವರು ಅದಕ್ಕೆ 'ಭಯಾನಕ ಕೊಠಡಿ' ಎಂಬರ್ಥದ ಹೆಸರಿಟ್ಟರು. ಅಂತೂ 1938ರ ಹೊಸ ಕಾಯ್ದೆ ಔಷಧದ ಅರ್ಥವನ್ನು ಹಿಗ್ಗಿಸಿ, ಶರೀರದ ರಚನೆ ಅಥವಾ ಕೆಲಸವನ್ನು ಬದಲಿಸುವ ವಸ್ತುಗಳನ್ನೂ ಒಳಗೆ ಸೇರಿಸಿತು.

ಅಲ್ಲಿಗೆ ಸಂದಿ ಮುಚ್ಚಿತು ಎಂದುಕೊಂಡರೆ, ವ್ಯಾಪಾರ ಅಂಗಡಿ ಬಿಟ್ಟು ಡಾಕ್ಟರ ಕೊಠಡಿಯೊಳಗೆ ಹೋಗಿ ಕೂತಿತು. 1940ರಿಂದ 60ರ ದಶಕದವರೆಗೆ ತೂಕ ಇಳಿಸುವ ಖಾಸಗಿ ಕ್ಲಿನಿಕ್‌ಗಳು ನಾಯಿಕೊಡೆಗಳಂತೆ ಎದ್ದವು. ಅಲ್ಲಿ ಚೀಟಿ ಬರೆದು ಕೊಡುವ ಪದ್ಧತಿ ಇಲ್ಲ, ಡಾಕ್ಟರೇ ಗುಳಿಗೆ ಕೊಡುತ್ತಿದ್ದರು. ಹಸಿವು ಕೊಲ್ಲಲು ಆಂಫೆಟಮೈನ್, ಜೊತೆಗೆ ಥೈರಾಯ್ಡ್, ಮೈಯ ನೀರು ಇಳಿಸಲು ಮೂತ್ರವರ್ಧಕ, ಭೇದಿ ಮಾತ್ರೆ, ಹೃದಯರೋಗಿಗಳಿಗೆ ಕೊಡುವ ಡಿಜಿಟಾಲಿಸ್. ಇವೆಲ್ಲ ಕೆಡಿಸಿದ ನಿದ್ದೆಯನ್ನು ವಾಪಸ್ ತರಲು ಬಾರ್ಬಿಟ್ಯುರೇಟ್. ಒಂದೊಂದಕ್ಕೆ ಒಂದೊಂದು ಬಣ್ಣ. ನಿಮಗೆಂದೇ ಲೆಕ್ಕ ಹಾಕಿ ಕೊಟ್ಟದ್ದು ಎಂಬ ಭಾವನೆ ಬರಲಿ ಎಂದು ಕಂಪನಿಗಳೇ ಬಣ್ಣಗಳ ಈ ಆಟ ಹೇಳಿಕೊಡುತ್ತಿದ್ದವು. ಜನ ಇವನ್ನು ಕಾಮನಬಿಲ್ಲಿನ ಗುಳಿಗೆ ಎಂದೇ ಕರೆದರು.

ಔಷಧ ಪರೀಕ್ಷಿಸುವ ಅಧಿಕಾರ ಎಫ್‌ಡಿಎಗೆ ಇತ್ತು. ಆದರೆ ಡಾಕ್ಟರು ತನ್ನ ರೋಗಿಗೆ ಏನು ಕೊಡಬೇಕು ಎನ್ನುವುದು ಅದರ ಕೈಯಲ್ಲಿರಲಿಲ್ಲ. ಅದು ಆಯಾ ರಾಜ್ಯದ ವೈದ್ಯಕೀಯ ಮಂಡಳಿಗೆ ಬಿಟ್ಟದ್ದು. ಒರೆಗಾನ್ ರಾಜ್ಯದಲ್ಲಿ ಈ ಗುಳಿಗೆ ತಿಂದ ಹೆಂಗಸರ ಸಾವುಗಳನ್ನು ಅಲ್ಲಿನ ಶವಪರೀಕ್ಷೆ ಅಧಿಕಾರಿ ಬೆಳಕಿಗೆ ತಂದರೂ ಕ್ಲಿನಿಕ್‌ಗಳ ಬಾಗಿಲು ತೆರೆದೇ ಇದ್ದವು.

ಒಳಗೆ ಹೋಗಿ ನೋಡಿದ್ದು ಕೊನೆಗೆ ಒಬ್ಬ ವರದಿಗಾರ್ತಿ. 'ಲೈಫ್' ಪತ್ರಿಕೆಯ ಸೂಸಾನಾ ಮೆಕ್‌ಬೀ ತೆಳ್ಳಗಿದ್ದವರು, ಸುಮಾರು 57 ಕೆ.ಜಿ. ತೂಕ. ರೋಗಿಯಂತೆ ಹತ್ತು ಡಾಕ್ಟರ ಬಳಿ ಹೋದರು. ಹೊರಬರುವಾಗ ಅವರ ಬಳಿ ಒಟ್ಟು 1,479 ಗುಳಿಗೆಗಳಿದ್ದವು. 1968ರ ಜನವರಿಯಲ್ಲಿ ವರದಿ ಅಚ್ಚಾಯಿತು. ಅದೇ ಹೊತ್ತಿಗೆ ಸೆನೆಟರ್ ಫಿಲಿಪ್ ಹಾರ್ಟ್ ಅವರ ಉಪಸಮಿತಿ ವಿಚಾರಣೆ ನಡೆಸಿತು. ಎಫ್‌ಡಿಎ ಗುಳಿಗೆ ಮಾಡುವ ಕಂಪನಿಗಳ ಬೆನ್ನು ಹತ್ತಿತು. 1971ರಲ್ಲಿ ಆಂಫೆಟಮೈನ್ ಕಟ್ಟುನಿಟ್ಟಿನ ಪಟ್ಟಿಗೆ ಸೇರಿತು. ವೇಷ ಮರೆಸಿ ವರದಿ ಮಾಡುವುದು ಸರಿಯೋ ತಪ್ಪೋ ಎಂದು ನಾವು ತರಗತಿಯಲ್ಲಿ ಒಂದಿಡೀ ಮಧ್ಯಾಹ್ನ ಜಗಳವಾಡಿದ್ದೆವು. ಆಗ ಈ ಕಥೆ ಗೊತ್ತಿರಲಿಲ್ಲ.

ಇನ್ನು ನಮ್ಮ ಕಡೆಗೆ ಬರೋಣ. ಅಮೆರಿಕದ ಮೊದಲ ಎಡವಟ್ಟು ನಮ್ಮಲ್ಲಿಲ್ಲ. ಆಕ್ಷೇಪಾರ್ಹ ಜಾಹೀರಾತುಗಳ ಮೇಲಿನ 1954ರ ಕೇಂದ್ರ ಕಾಯ್ದೆಯ ರೋಗಗಳ ಪಟ್ಟಿಯಲ್ಲಿ ಬೊಜ್ಜೂ ಇದೆ. ಔಷಧದಿಂದ ಬೊಜ್ಜು ಕರಗಿಸುತ್ತೇವೆ ಎಂದು ಗೋಡೆಗೆ ಪೋಸ್ಟರ್ ಹಚ್ಚುವುದೇ ಅಪರಾಧ. ನಮ್ಮ ಬಸ್ ಸ್ಟ್ಯಾಂಡ್ ಗೋಡೆ ನೋಡಿದರೆ ಇದು ಯಾರಿಗೂ ತಿಳಿದಂತಿಲ್ಲ. ಕರ್ನಾಟಕದಲ್ಲಿ 1976ರ ಕಾಯ್ದೆ ಖಾಸಗಿ ನರ್ಸಿಂಗ್ ಹೋಂಗಳಿಗಿತ್ತು. 2007ರ ಕೆಪಿಎಂಇ ಕಾಯ್ದೆ ಕ್ಲಿನಿಕ್, ಲ್ಯಾಬ್‌ಗಳನ್ನೂ ನೋಂದಣಿಯೊಳಗೆ ತಂದಿತು. ಆದರೂ 2022ರ ಮೇ ತಿಂಗಳಲ್ಲಿ ಬೆಂಗಳೂರಿನ ಖಾಸಗಿ ಕ್ಲಿನಿಕ್ ಒಂದರಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ 21 ವರ್ಷದ ಕಿರುತೆರೆ ನಟಿ ತೀರಿಕೊಂಡರು. ಆ ಜಾಗಕ್ಕೆ ಇದ್ದದ್ದು ಪಾಲಿಕ್ಲಿನಿಕ್ ನೋಂದಣಿ, ಇಂಥ ಶಸ್ತ್ರಚಿಕಿತ್ಸೆಗೆ ಅದು ಸಾಲದು ಎಂದು ಅಧಿಕಾರಿಗಳು ಆಮೇಲೆ ಹೇಳಿದ್ದು ಪತ್ರಿಕೆಗಳಲ್ಲಿ ಬಂತು. ಆಮೇಲೆ!

ಅತ್ತಿಗೆಯ ಗುಳಿಗೆ ಕವರ್ ಹಿಡಿದು ನಾವು ಒಂದು ಕಚೇರಿಗೆ ಹೋದೆವು. ಅಲ್ಲಿನವರು ಒಳ್ಳೆಯವರೇ, ಕೂರಿಸಿ ಟೀ ಕೊಟ್ಟರು. "ಬೋರ್ಡ್ ಮೇಲೆ ಏನಂತಿದೆ?" ಎಂದು ಕೇಳಿದರು. ವೆಲ್‌ನೆಸ್ ಸೆಂಟರ್ ಎಂದೆವು. "ಹಂಗಾದ್ರೆ ಅದು ಕ್ಲಿನಿಕ್ ಅಲ್ಲಪ್ಪ, ನಮ್ಮ ಪಟ್ಟಿಗೆ ಬರಲ್ಲ" ಎಂದರು. 1906ನೇ ಇಸವಿಯ ಮಾತು ಕೇಳಿದಂತಾಯಿತು.

1940ರ ಔಷಧ ಕಾಯ್ದೆಯ 26ನೇ ಕಲಂ ಒಂದಿದೆ. ಔಷಧ ಕೊಂಡವರು ಯಾರೇ ಆಗಲಿ, ನಿಗದಿತ ಶುಲ್ಕ ಕಟ್ಟಿ ಅದನ್ನು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಅರ್ಜಿ ನಾವು ಬರೆದೆವು, ಆದರೆ ಸಹಿ ಕೊಂಡವರದ್ದೇ ಬೇಕು. ಸ್ತ್ರೀಶಕ್ತಿ ಸಂಘದ ಸಾಲದ ದುಡ್ಡಲ್ಲಿ ತಂದದ್ದು, ಮನೆಯಲ್ಲಿ ಗೊತ್ತಾದರೆ ಏನು ಗತಿ ಎಂದು ಅತ್ತಿಗೆ ಎರಡು ವಾರ ಹಿಂದೆಮುಂದೆ ನೋಡಿದರು. ಗುಳಿಗೆ ನುಂಗುವುದನ್ನು ಮಾತ್ರ ಅಂದೇ ನಿಲ್ಲಿಸಿದ್ದರು. ಕಳೆದ ಸೋಮವಾರ ಸಹಿ ಹಾಕಿದರು. ಕವರ್‌ನಲ್ಲಿ ಇನ್ನೂ ಹನ್ನೊಂದು ಗುಳಿಗೆ ಉಳಿದಿವೆ.