ಆರು ಕಡತಗಳ ಕಥೆ

ಕಳೆದ ಬೇಸಿಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದು ಒಂದು ರಾತ್ರಿ ಉಳಿದಿದ್ದ. ಸುಮಾರು ಮೂವತ್ತು ವರ್ಷಗಳ ಹಿಂದೆ ಹತ್ತನೆಯ ತರಗತಿಯಲ್ಲಿ ನನ್ನಿಂದ ಇತಿಹಾಸದ ಪಾಠ ಕೇಳಿದವನು. ಈಗ ಬೆಂಗಳೂರಿನಲ್ಲಿ ಗಣಕಯಂತ್ರಗಳ ಕೆಲಸ. ಸಂಜೆ ಕಾಫಿ ಕುಡಿದಾದ ಮೇಲೆ ತನ್ನ ಲ್ಯಾಪ್‌ಟಾಪನ್ನು ಜಗಲಿಯ ಮೇಜಿನ ಮೇಲಿಟ್ಟು ಏನೋ ಒಂದು ಸಾಲು ಬರೆದ. ಕಪ್ಪು ತೆರೆಯ ಮೇಲೆ ಬಿಳಿಯ ಅಕ್ಷರಗಳು ಮಳೆಗಾಲದ ಹೊಳೆಯಂತೆ ಹರಿಯತೊಡಗಿದವು. ಊಟ ಮುಗಿದರೂ ಆ ಹರಿವು ನಿಂತಿರಲಿಲ್ಲ.

"ಇದೇನಪ್ಪಾ?" ಎಂದೆ.

"ಒಂದು ಇಡೀ ಆಪರೇಟಿಂಗ್ ಸಿಸ್ಟಂ ಕಟ್ಟುತ್ತಾ ಇದೆ ಸಾರ್. ಬೆಳಿಗ್ಗೆ ಇದನ್ನ ಪೆನ್‌ಡ್ರೈವಿಗೆ ಹಾಕಿದರೆ ಯಾವ ಖಾಲಿ ಕಂಪ್ಯೂಟರಿಗೆ ಬೇಕಾದರೂ ಇನ್‌ಸ್ಟಾಲ್ ಮಾಡಬಹುದು."

ಸಿದ್ಧವಾದದ್ದೇ ಪುಕ್ಕಟೆಯಾಗಿ ಸಿಗುವಾಗ ಇಷ್ಟು ಶ್ರಮವೇಕೆ ಎಂಬುದು ನನ್ನ ಮುಂದಿನ ಪ್ರಶ್ನೆ. ಅವನು ನಕ್ಕು ಹೇಳಿದ: "ನೀವು ಬರೆಸುತ್ತಿದ್ದ ನೋಟ್ಸ್ ನೆನಪಿದೆಯಾ ಸಾರ್? ಅದರಲ್ಲಿ ಉತ್ತರ ಇರುತ್ತಿತ್ತು. ಆ ಉತ್ತರ ಎಲ್ಲಿಂದ ಬಂತು ಅನ್ನೋದು ಮಾತ್ರ ನಮಗೆ ಗೊತ್ತಿರುತ್ತಿರಲಿಲ್ಲ."

ಅವನು ನೋಯಿಸಲೆಂದು ಆಡಿದ ಮಾತಲ್ಲ. ಆದರೂ ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಆ ಬಳಿಕ ಕೆಲವು ತಿಂಗಳು ಈ ವಿಷಯವನ್ನೇ ಓದಿದೆ. ಇತಿಹಾಸದ ಮೇಷ್ಟ್ರಿಗೆ ಇದೆಲ್ಲ ಏಕೆ ಎಂದು ನಮ್ಮ ನೆಂಟರು ನಗಬಹುದು. ಆದರೆ ಇದೂ ಇತಿಹಾಸವೇ; ಅದರಲ್ಲಿ ಹಕ್ಕು, ಮೊಕದ್ದಮೆ, ಶ್ರಮದಾನ ಎಲ್ಲವೂ ಇವೆ.

ಮೊದಲು ಒಂದು ವಿವರಣೆ. ಗಣಕಯಂತ್ರವನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಅದನ್ನು ಮನುಷ್ಯರು ಓದಬಲ್ಲ ಭಾಷೆಯಲ್ಲಿ ಬರೆಯುತ್ತಾರೆ. ಆ ಬರಹವೇ ಸೋರ್ಸ್ ಕೋಡ್, ಅಂದರೆ ಮೂಲಸಂಕೇತ. ಕಂಪೈಲರ್ ಎಂಬ ಇನ್ನೊಂದು ತಂತ್ರಾಂಶ ಅದನ್ನು ಯಂತ್ರದ ಭಾಷೆಗೆ ತಿರುಗಿಸುತ್ತದೆ. ನಮ್ಮ ಕೈಗೆ ಸಾಮಾನ್ಯವಾಗಿ ಸಿಗುವುದು ಹೀಗೆ ತಿರುಗಿಸಿದ ರೂಪ ಮಾತ್ರ. ಅದನ್ನು ಬಳಸಬಹುದೇ ಹೊರತು ಓದಿ ತಿದ್ದುವುದು ಬಹಳ ಕಷ್ಟ. ಮೂಲಸಂಕೇತ ಕೈಯಲ್ಲಿದ್ದು, ಅದರಿಂದ ಖಾಲಿ ಯಂತ್ರದಲ್ಲಿ ನೆಲೆಗೊಳಿಸಬಲ್ಲ ಸಂಪೂರ್ಣ ವ್ಯವಸ್ಥೆಯನ್ನು ನಾವೇ ತಯಾರಿಸಬಲ್ಲೆವಾದರೆ ಆಗ ಅದು ನಿಜವಾಗಿ ನಮ್ಮದು. ಹಾಗೆ ತಯಾರಾದದ್ದನ್ನು 'ರಿಲೀಸ್' ಎನ್ನುತ್ತಾರೆ.

ನನ್ನ ವಿದ್ಯಾರ್ಥಿ ಅಂದು ಕಟ್ಟುತ್ತಿದ್ದುದು ಫ್ರೀಬಿಎಸ್‌ಡಿ ಎಂಬ ವ್ಯವಸ್ಥೆ. ಅದರ ವಂಶವೃಕ್ಷದ ಬೇರು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದೆ. 1969ರಲ್ಲಿ ಅಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯೂನಿಕ್ಸ್ ಎಂಬ ವ್ಯವಸ್ಥೆಯ ಕೆಲಸ ಆರಂಭಿಸಿದರು. 1973ರಲ್ಲಿ ಅದನ್ನು ಸಿ ಭಾಷೆಯಲ್ಲಿ ಮತ್ತೆ ಬರೆದರು. ಪ್ರಯೋಗಾಲಯದ ಒಡೆತನ ಎಟಿ ಅಂಡ್ ಟಿ ದೂರವಾಣಿ ಕಂಪನಿಯದು. ವಿಶ್ವವಿದ್ಯಾಲಯಗಳು ಪರವಾನಗಿ ಪಡೆದು ಯೂನಿಕ್ಸಿನ ಮೂಲಸಂಕೇತವನ್ನೇ ತರಿಸಿಕೊಳ್ಳಬಹುದಿತ್ತು.

1975ರಲ್ಲಿ ಥಾಂಪ್ಸನ್ ಒಂದು ವರ್ಷದ ಮಟ್ಟಿಗೆ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಪಾಠ ಹೇಳಲು ಹೋದರು. ಅಲ್ಲಿ ಬಿಲ್ ಜಾಯ್ ಎಂಬ ವಿದ್ಯಾರ್ಥಿ ಈ ವ್ಯವಸ್ಥೆಯ ಗುಂಗು ಹಿಡಿಸಿಕೊಂಡ. ತಾನೂ ಗೆಳೆಯರೂ ಮಾಡಿದ ಸುಧಾರಣೆಗಳನ್ನೆಲ್ಲ ಒಟ್ಟುಗೂಡಿಸಿ 1978ರಲ್ಲಿ ಒಂದು ಟೇಪಿನಲ್ಲಿ ಹಂಚತೊಡಗಿದ. ಅದೇ ಬರ್ಕ್ಲಿ ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್, ಸಂಕ್ಷೇಪದಲ್ಲಿ ಬಿಎಸ್‌ಡಿ. ಮೊದಲ ಕಂತಿನಲ್ಲಿ ಹೋದದ್ದು ಸುಮಾರು 30 ಪ್ರತಿ. 1983ರಲ್ಲಿ 4.2 ಆವೃತ್ತಿ ಹೊರಬಂದಾಗ ಹದಿನೆಂಟು ತಿಂಗಳಲ್ಲಿ ಒಂದು ಸಾವಿರಕ್ಕೂ ಹೆಚ್ಚು ಪರವಾನಗಿಗಳು ಹೋದವು. ಇಂದಿನ ಅಂತರಜಾಲ ನಿಂತಿರುವ ಟಿಸಿಪಿ/ಐಪಿ ಎಂಬ ಸಂಪರ್ಕ ನಿಯಮಗಳು ಅನೇಕ ಸಂಸ್ಥೆಗಳನ್ನು ತಲುಪಿದ್ದು ಆ ಆವೃತ್ತಿಯ ಮೂಲಕ.

ಆದರೆ ಇಲ್ಲೊಂದು ಗಂಟು ಇತ್ತು. ಬರ್ಕ್ಲಿಯವರು ಎಷ್ಟೇ ಹೊಸದನ್ನು ಬರೆದಿರಲಿ, ತಳಹದಿ ಎಟಿ ಅಂಡ್ ಟಿಯದು. ಟೇಪು ಬೇಕೆಂದವರು ಮೊದಲು ಆ ಕಂಪನಿಯ ಪರವಾನಗಿ ತೋರಿಸಬೇಕಿತ್ತು. ಅದರ ದರವೋ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಸಂಪರ್ಕದ ಭಾಗವಷ್ಟೇ ತಮಗೆ ಸಾಕು ಎಂದು ಹಲವರು ಕೇಳಿದ್ದರಿಂದ 1989ರ ಜೂನ್‌ನಲ್ಲಿ ಬರ್ಕ್ಲಿಯವರು ತಾವೇ ಬರೆದ ಆ ಭಾಗವನ್ನು ಬೇರ್ಪಡಿಸಿ ಬಿಡುಗಡೆ ಮಾಡಿದರು. ಬರೆದವರ ಹೆಸರನ್ನು ಉಳಿಸಿಕೊಂಡರೆ ಸಾಕು, ಯಾರು ಬೇಕಾದರೂ ಬಳಸಬಹುದು, ಹಂಚಬಹುದು ಎಂಬುದು ಅದರ ಷರತ್ತು.

ಆಗ ಅಲ್ಲಿನ ಕೀತ್ ಬಾಸ್ಟಿಕ್ ಎಂಬವರು ಕೇಳಿದ ಪ್ರಶ್ನೆ ಸರಳವಾಗಿತ್ತು: ಇದೊಂದನ್ನೇ ಏಕೆ, ಉಳಿದದ್ದನ್ನೂ ಹೀಗೆಯೇ ಕೊಡಬಾರದೇಕೆ? ಅದಕ್ಕೆ ಎಟಿ ಅಂಡ್ ಟಿ ಬರೆದಿದ್ದ ನೂರಾರು ಉಪಕರಣಗಳನ್ನು ಮೊದಲಿನಿಂದ ಬರೆಯಬೇಕಿತ್ತು. ಬಾಸ್ಟಿಕ್ ಊರೂರಿನ ಪರಿಣತರನ್ನು ಕೇಳಿಕೊಂಡರು. ಹಳೆಯ ಸಂಕೇತವನ್ನು ನೋಡದೆ, ಆ ಉಪಕರಣ ಏನು ಮಾಡುತ್ತದೆಂಬ ಪ್ರಕಟಿತ ವಿವರಣೆಯನ್ನಷ್ಟೇ ಓದಿ ಹೊಸದಾಗಿ ಬರೆಯಬೇಕು. ಪ್ರತಿಫಲವೆಂದರೆ ಬರೆದವರ ಪಟ್ಟಿಯಲ್ಲಿ ಒಂದು ಹೆಸರು. ಸುಮಾರು ಹದಿನೆಂಟು ತಿಂಗಳಲ್ಲಿ ಮುಖ್ಯವಾದ ಉಪಕರಣಗಳೆಲ್ಲ ಬಹುಮಟ್ಟಿಗೆ ಸಿದ್ಧವಾದವು. ನಮ್ಮ ಹಳ್ಳಿಗಳಲ್ಲಿ ಕೆರೆಯ ಹೂಳೆತ್ತಲು ಮನೆಗೊಂದು ಆಳು ಬರುತ್ತಿದ್ದ ಕಾಲ ನೆನಪಾಗುತ್ತದೆ.

ಇನ್ನು ಉಳಿದದ್ದು ವ್ಯವಸ್ಥೆಯ ತಿರುಳು, ಕರ್ನೆಲ್. ಬಾಸ್ಟಿಕ್, ಕರ್ಕ್ ಮೆಕ್‌ಕ್ಯೂಸಿಕ್ ಮತ್ತು ಮೈಕ್ ಕರೆಲ್ಸ್ ಅದರ ಒಂದೊಂದು ಕಡತವನ್ನೂ ಎದುರಿಗಿಟ್ಟುಕೊಂಡು ಹಳೆಯ ಯೂನಿಕ್ಸಿನಿಂದ ಬಂದದ್ದನ್ನೆಲ್ಲ ತೆಗೆಯುತ್ತಾ ಹೋದರು. ಕೊನೆಗೆ ಸುಲಭದಲ್ಲಿ ಬದಲಾಯಿಸಲಾಗದ ಆರು ಕಡತಗಳು ಮಾತ್ರ ಉಳಿದವು. ಆ ಆರನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ 1991ರ ಜೂನ್‌ನಲ್ಲಿ 'ನೆಟ್ವರ್ಕಿಂಗ್ ರಿಲೀಸ್ 2' ಎಂಬ ಹೆಸರಿನಿಂದ ಲೋಕಕ್ಕೆ ಕೊಟ್ಟರು.

ಸಾವಿರಾರು ಕಡತಗಳಲ್ಲಿ ಆರು ಇಲ್ಲ. ಅಂಕಗಣಿತದ ಲೆಕ್ಕದಲ್ಲಿ ಅದೊಂದು ಕೊರತೆಯೇ ಅಲ್ಲ. ಆದರೆ ಆ ಆರು ಇಲ್ಲದೆ ಯಂತ್ರ ಏಳುವುದಿಲ್ಲ. ಸಾವಿರ ಹಂಚಿನ ಮನೆಗೆ ಮುಚ್ಚಿಗೆಯ ತೊಲೆಯೊಂದೇ ಇಲ್ಲವೆಂದರೆ ಅದು ಮನೆಯೇ? ಮೂಲಸಂಕೇತದ ರಾಶಿ ಬೇರೆ, ಅದರಿಂದ ನಿಂತು ನಡೆಯುವ ವ್ಯವಸ್ಥೆ ಬೇರೆ ಎಂಬುದನ್ನು ನಾನು ಅರಿತದ್ದು ಇಲ್ಲಿಯೇ.

ಬಿಲ್ ಜೋಲಿಟ್ಸ್ ಎಂಬವರು ಕೆಲವೇ ತಿಂಗಳಲ್ಲಿ ಆ ಆರಕ್ಕೂ ಬದಲಿ ಬರೆದು, ಇಂಟೆಲ್ 386 ಚಿಪ್ಪಿನ ಸಾಮಾನ್ಯ ಪಿಸಿಯಲ್ಲಿ ನಡೆಯುವ ವ್ಯವಸ್ಥೆಯನ್ನು 1992ರಲ್ಲಿ 386ಬಿಎಸ್‌ಡಿ ಎಂಬ ಹೆಸರಿನಲ್ಲಿ ಅಂತರಜಾಲದ ಮೂಲಕ ಪುಕ್ಕಟೆಯಾಗಿ ಹಂಚಿದರು. ಅದರ ದೋಷಗಳನ್ನು ತಿದ್ದಲು ಕೂಡಿದ ಸ್ವಯಂಸೇವಕರಿಂದ 1993ರಲ್ಲಿ ನೆಟ್‌ಬಿಎಸ್‌ಡಿ, ಫ್ರೀಬಿಎಸ್‌ಡಿ ಎಂಬ ಎರಡು ಕವಲುಗಳು ಹುಟ್ಟಿದವು.

ಅಷ್ಟರಲ್ಲಿ ವಿಷಯ ನ್ಯಾಯಾಲಯದ ಮೆಟ್ಟಿಲೇರಿತ್ತು. ಆರು ಕಡತಗಳನ್ನು ತುಂಬಿಕೊಂಡು ವ್ಯವಸ್ಥೆಯನ್ನು ಮಾರುತ್ತಿದ್ದ ಬಿಎಸ್‌ಡಿಐ ಎಂಬ ಸಣ್ಣ ಕಂಪನಿಯ ಮೇಲೆ, ಅನಂತರ ವಿಶ್ವವಿದ್ಯಾಲಯದ ಮೇಲೂ, ಎಟಿ ಅಂಡ್ ಟಿಯ ಅಂಗಸಂಸ್ಥೆ ಯೂನಿಕ್ಸ್ ಸಿಸ್ಟಂ ಲ್ಯಾಬೊರೇಟರೀಸ್ 1992ರಲ್ಲಿ ದಾವೆ ಹೂಡಿತು. ಕೋರಿದ ತಡೆಯಾಜ್ಞೆ ಸಿಗಲಿಲ್ಲ. ವಿಶ್ವವಿದ್ಯಾಲಯವೂ ಪ್ರತಿದಾವೆ ಹೂಡಿತು: ಬರ್ಕ್ಲಿಯ ಸಂಕೇತವನ್ನು ಬಳಸಿಕೊಂಡ ನೀವು ನಮ್ಮ ಹೆಸರನ್ನೇ ಹೇಳಿಲ್ಲವೆಂದು. ಈ ನಡುವೆ ಆ ಅಂಗಸಂಸ್ಥೆಯನ್ನು ನಾವೆಲ್ ಕಂಪನಿ ಕೊಂಡಿತು. 1994ರ ಆರಂಭದಲ್ಲಿ ರಾಜಿಯಾಯಿತು. ನೆಟ್ವರ್ಕಿಂಗ್ ರಿಲೀಸ್ 2ರ 18,000 ಕಡತಗಳಲ್ಲಿ ತೆಗೆಯಬೇಕಾಗಿ ಬಂದದ್ದು ಮೂರು. ಸುಮಾರು 70 ಕಡತಗಳಿಗೆ ಎದುರು ಪಕ್ಷದ ಹಕ್ಕುಸ್ವಾಮ್ಯದ ಸಾಲನ್ನು ಸೇರಿಸಲಾಯಿತು. ಮಿಕ್ಕವು ಸಣ್ಣಪುಟ್ಟ ಬದಲಾವಣೆ.

ರಾಜಿಯ ಬಿಸಿ ತಗುಲಿದ್ದು ಸ್ವಯಂಸೇವಕರಿಗೆ. ಫ್ರೀಬಿಎಸ್‌ಡಿಯವರು 1994ರ ಜುಲೈ ಕೊನೆಯೊಳಗೆ ತಮ್ಮ ಹಳೆಯ ವ್ಯವಸ್ಥೆಯ ಹಂಚಿಕೆ ನಿಲ್ಲಿಸಬೇಕಾಯಿತು. ಅವರ ಕೈಗೆ ಬಂದದ್ದು 4.4ಬಿಎಸ್‌ಡಿ-ಲೈಟ್ ಎಂಬ ನಿರಾತಂಕವಾದ, ಆದರೆ ಅಪೂರ್ಣವಾದ ಸಂಕೇತ. ಯಂತ್ರವನ್ನು ಎಬ್ಬಿಸಿ ನಿಲ್ಲಿಸಲು ಬೇಕಾದ ಹಲವು ಭಾಗಗಳು ಅದರಲ್ಲಿರಲಿಲ್ಲ. ಇಂಟೆಲ್ ಯಂತ್ರಗಳ ಭಾಗವಂತೂ ಅರೆಬರೆ. ಬಿಡುವಿನ ವೇಳೆಯಲ್ಲಿ ದುಡಿಯುವ ಜನ, ಬಹುಮಟ್ಟಿಗೆ ಸಂಬಳವಿಲ್ಲದೆ, ಕೆಲವೇ ತಿಂಗಳಲ್ಲಿ ಅದನ್ನು ತುಂಬಿ ನವೆಂಬರ್‌ನಲ್ಲಿ 2.0 ಆವೃತ್ತಿಯನ್ನು ಹೊರತಂದರು. ಸುಟ್ಟ ಮನೆಯ ಜಾಗದಲ್ಲಿ ಮತ್ತೆ ಮನೆ ಎಬ್ಬಿಸಿದವರ ಛಲ ಅದು.

ಈ ಕಟ್ಟುವ ಕೆಲಸ ನಡೆಯುವುದು ಹೇಗೆ? ನನ್ನ ವಿದ್ಯಾರ್ಥಿ ವಿವರಿಸಿದಂತೆ, ಮೊದಲು ಕಂಪೈಲರ್ ಮುಂತಾದ ಸಲಕರಣೆಗಳು ತಯಾರಾಗಬೇಕು. ಆ ಹೊಸ ಸಲಕರಣೆಗಳಿಂದ ಎಲ್ಲರೂ ಹಂಚಿಕೊಳ್ಳುವ ಲೈಬ್ರರಿಗಳು, ಅವುಗಳ ಆಧಾರದ ಮೇಲೆ ನೂರಾರು ಉಪಕರಣಗಳು, ಬಳಿಕ ಕರ್ನೆಲ್. ಎಲ್ಲವನ್ನೂ ಒಂದು ಖಾಲಿ ಕೋಶದೊಳಗೆ, ಹೊಸ ಯಂತ್ರದಲ್ಲಿ ಇರಬೇಕಾದ ಕ್ರಮದಲ್ಲಿಯೇ ಜೋಡಿಸಿ, ಗಂಟು ಕಟ್ಟಿ, ಬೂಟ್ ಆಗಬಲ್ಲ ಸಿ.ಡಿ. ಅಥವಾ ಪೆನ್‌ಡ್ರೈವಿನ ರೂಪಕ್ಕೆ ತರುತ್ತಾರೆ. ಖಾಲಿ ಕೋಶವೇ ಏಕೆಂದರೆ, ಕಟ್ಟುವವನ ಯಂತ್ರದ ಹಳೆಯ ವಸ್ತು ಯಾವುದೂ ಅರಿವಿಲ್ಲದೆ ಹೊಸದರಲ್ಲಿ ನುಸುಳಬಾರದು.

ಹಿಂದೆ ಇದಕ್ಕೆ ಇನ್ನೊಂದು ಕಷ್ಟ ಜೊತೆಗಿತ್ತು: ಫ್ಲಾಪಿ. ಯಂತ್ರವನ್ನು ಎಬ್ಬಿಸಲು ಬೇಕಾದದ್ದೆಲ್ಲ 1.44 ಮೆಗಾಬೈಟಿನ ಫ್ಲಾಪಿಯೊಳಗೆ ಹಿಡಿಯಬೇಕು. ಅದಕ್ಕಾಗಿ ಹತ್ತಾರು ಉಪಕರಣಗಳನ್ನು ಕಲಸಿ ಒಂದೇ ಕಡತವಾಗಿಸುವ ಕ್ರಂಚ್‌ಜೆನ್ ಎಂಬ ಸಲಕರಣೆಯನ್ನೇ ಮಾಡಿಕೊಂಡಿದ್ದರು. ಒಂದೇ ಟ್ರಂಕಿನಲ್ಲಿ ಸಂಸಾರವನ್ನೆಲ್ಲ ತುಂಬಿಕೊಂಡು ವರ್ಗಾವಣೆಯ ಊರಿಗೆ ಹೊರಡುತ್ತಿದ್ದ ನಮ್ಮಂತಹ ಮೇಷ್ಟ್ರುಗಳಿಗೆ ಈ ಕಷ್ಟ ಬೇಗ ಅರ್ಥವಾಗುತ್ತದೆ. 2002ರಲ್ಲಿ ಬಂದ ನೆಟ್‌ಬಿಎಸ್‌ಡಿ 1.6 ಇನ್ನೊಂದು ಹೆಜ್ಜೆ ಮುಂದಿಟ್ಟಿತು: ಒಂದು ಬಗೆಯ ಯಂತ್ರದಲ್ಲಿ ಕುಳಿತು, ಒಂದೇ ಆಜ್ಞೆಯಿಂದ, ತೀರ ಬೇರೆ ಬಗೆಯ ಯಂತ್ರಕ್ಕೆ ಸಂಪೂರ್ಣ ರಿಲೀಸ್ ಕಟ್ಟುವ ಅನುಕೂಲ.

ಇಷ್ಟಾದರೆ ಎಲ್ಲವೂ ನಮ್ಮ ಕೈಗೆ ಬಂದಂತಾಯಿತೇ? ಇಲ್ಲ ಎಂದವರು ಅದೇ ಕೆನ್ ಥಾಂಪ್ಸನ್. ಟ್ಯೂರಿಂಗ್ ಪ್ರಶಸ್ತಿಯ ಸಂದರ್ಭದ ಅವರ ಉಪನ್ಯಾಸ 1984ರಲ್ಲಿ ಅಚ್ಚಾಯಿತು. ಕಂಪೈಲರನ್ನು ಕಂಪೈಲ್ ಮಾಡಲು ಇನ್ನೊಂದು ಕಂಪೈಲರ್ ಬೇಕಲ್ಲವೇ? ಮೊಸರಾಗಲು ನಿನ್ನೆಯ ಮೊಸರಿನ ಹೆಪ್ಪು ಬೇಕಾದಂತೆ ಇದು. ಆ ಹಳೆಯ ಕಂಪೈಲರಿನೊಳಗೆ ಯಾರಾದರೂ ಕಳ್ಳದಾರಿಯೊಂದನ್ನು ಅಡಗಿಸಿಟ್ಟರೆ, ಅದು ತಾನು ತಯಾರಿಸುವ ಪ್ರತಿ ಹೊಸ ಕಂಪೈಲರಿಗೂ ಗುಟ್ಟಾಗಿ ದಾಟುತ್ತಾ ಹೋಗಬಲ್ಲದು; ಮೂಲಸಂಕೇತವನ್ನು ಎಷ್ಟು ಓದಿದರೂ ಅದರ ಸುಳಿವು ಸಿಗದು ಎಂದು ಅವರು ತೋರಿಸಿದರು. ಹಾಲು ಶುದ್ಧವಾಗಿದ್ದರೂ ಹೆಪ್ಪು ಕೆಟ್ಟಿದ್ದರೆ ನಾಳೆಯ ಮೊಸರೂ ಕೆಡುತ್ತದೆ, ನಾಡಿದ್ದಿನದೂ ಕೆಡುತ್ತದೆ.

ಪರಿಹಾರವನ್ನು ಅನಂತರದವರು ಹುಡುಕಿದರು. ಡೇವಿಡ್ ವ್ಹೀಲರ್ 2005ರಲ್ಲಿ ವಿವರಿಸಿದ ವಿಧಾನ ಪಕ್ಕದ ಮನೆಯಿಂದ ಹೆಪ್ಪು ತಂದು ನೋಡುವಂಥದು: ಕಂಪೈಲರಿನ ಮೂಲಸಂಕೇತವನ್ನು ಸಂಬಂಧವಿಲ್ಲದ ಇನ್ನೊಂದು ಕಂಪೈಲರಿನಿಂದ ಕಟ್ಟಿ, ಹಾಗೆ ಬಂದದ್ದರಿಂದ ಅದೇ ಸಂಕೇತವನ್ನು ಮತ್ತೊಮ್ಮೆ ಕಟ್ಟಿ, ಫಲ ಮೊದಲಿನದರೊಂದಿಗೆ ಅಕ್ಷರಶಃ ಕೂಡುತ್ತದೆಯೇ ಎಂದು ತಾಳೆ ನೋಡುವುದು. ಇಡೀ ರಿಲೀಸಿಗೂ ಇಂಥ ತಾಳೆ ಬೇಕೆಂಬ ಪ್ರಯತ್ನ ಡೆಬಿಯನ್ ಲಿನಕ್ಸ್ ಬಳಗದಲ್ಲಿ 2013ರಿಂದ ಬಲವಾಯಿತು. ಒಂದೇ ಮೂಲಸಂಕೇತದಿಂದ ಇಬ್ಬರು ಬೇರೆ ಬೇರೆ ಊರಿನಲ್ಲಿ ಕಟ್ಟಿದರೂ ಒಂದು ಬಿಟ್ಟಿನ ವ್ಯತ್ಯಾಸವೂ ಇರಬಾರದು. ಅಡ್ಡಿಯಾಗುವವು ತೀರ ಸಾಮಾನ್ಯ ಸಂಗತಿಗಳು: ಕಡತದೊಳಗೆ ಸೇರಿಕೊಳ್ಳುವ ದಿನಾಂಕ, ಕೋಶದ ಹೆಸರು, ಕಡತಗಳನ್ನು ಓದಿದ ಅನುಕ್ರಮ. ಅವನ್ನೆಲ್ಲ ಹುಡುಕಿ ಹುಡುಕಿ ನಿವಾರಿಸಿ, 2017ರ ಫೆಬ್ರವರಿಯಲ್ಲಿ ನೆಟ್‌ಬಿಎಸ್‌ಡಿಯವರು ಎರಡು ಬಗೆಯ ಯಂತ್ರಗಳ ಮಟ್ಟಿಗೆ ಇದನ್ನು ಸಾಧಿಸಿದ್ದೇವೆಂದು ಪ್ರಕಟಿಸಿದರು. ಗಣಿತದ ಮೇಷ್ಟ್ರು ಲೆಕ್ಕದ ಉತ್ತರವನ್ನು ಇನ್ನೊಂದು ಕ್ರಮದಿಂದ ತಾಳೆ ನೋಡಿ ಎನ್ನುತ್ತಿದ್ದರಲ್ಲ, ಅದೇ ನೀತಿ.

ಪ್ರಿಯ ಶಿಷ್ಯರೇ, ಇಷ್ಟನ್ನು ಓದಿದ ಮೇಲೆ ನನ್ನ ನೋಟ್ಸುಗಳ ನೆನಪು ಮತ್ತೆ ಬಂತು. ಪರೀಕ್ಷೆಯ ಭಯ, ಮುಗಿಯದ ಪಠ್ಯ, ಐವತ್ತೈದು ಮಕ್ಕಳ ತರಗತಿ. ವಿಜಯನಗರದ ಪತನಕ್ಕೆ ಐದು ಕಾರಣಗಳು ಎಂದು ಬರೆಸಿ, ಕಂಠಪಾಠ ಮಾಡಿಸಿ, ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಒಂದು ಶಾಸನವನ್ನಾಗಲೀ, ಆ ಕಾಲದ ಪ್ರವಾಸಿಯೊಬ್ಬನ ಬರಹವನ್ನಾಗಲೀ ಮುಂದಿಟ್ಟು, ಇದರಿಂದ ನಿಮಗೇನು ತೋರುತ್ತದೆ ಎಂದು ಕೇಳಿದ್ದು ಬಹಳ ಕಡಿಮೆ. ನಿಮಗೆ ಸಿದ್ಧ ಉತ್ತರವನ್ನು ಕೊಟ್ಟೆ. ಅದನ್ನು ಕಟ್ಟುವ ಬಗೆಯನ್ನು ಕೊಡಲಿಲ್ಲ. ಬೇಕಾದ ಆರು ಕಡತಗಳನ್ನು ನಾನೇ ಇಟ್ಟುಕೊಂಡಂತಾಯಿತು. ಈಗ ತರಗತಿಗೆ ಹಿಂದಿರುಗಿ ತಿದ್ದಿಕೊಳ್ಳಲು ಸಾಧ್ಯವಿಲ್ಲ. ನಿಮ್ಮ ಮಕ್ಕಳಿಗೆ ಪಾಠ ಹೇಳಿಕೊಡುವಾಗಲಾದರೂ ನೀವು ನನ್ನಂತೆ ಮಾಡಬೇಡಿ ಎಂದು ಹೇಳುವುದಷ್ಟೇ ಉಳಿದಿದೆ.

ಮರುದಿನ ಬೆಳಿಗ್ಗೆ ನಾನು ಎದ್ದು ಬರುವ ವೇಳೆಗೆ ತೆರೆಯ ಮೇಲಿನ ಹರಿವು ನಿಂತಿತ್ತು. ಅಟ್ಟದ ಮೇಲೆ ಧೂಳು ಹಿಡಿದಿದ್ದ ನನ್ನ ಹಳೆಯ ಕಂಪ್ಯೂಟರನ್ನು ಅವನು ಕೆಳಗಿಳಿಸಿ ಒರೆಸಿ, ಪೆನ್‌ಡ್ರೈವ್ ಸಿಕ್ಕಿಸಿದ. ಅದು ನಿಧಾನವಾಗಿ ಎದ್ದುಕೊಂಡು ನನ್ನ ಹೆಸರು ಕೇಳಿತು. ಈ ಲೇಖನವನ್ನು ಬೆರಳಚ್ಚಿಸಿದ್ದು ಆ ಯಂತ್ರದಲ್ಲಿಯೇ.